ಮಗಳ ಇಂಜಿನಿಯರಿಂಗ್: ಸೀಟಿನ ಆಚೆಗೆ

ಮಗಳಿಗೆ ಸಿಇಟಿಯಲ್ಲಿ ಕಂಪ್ಯೂಟರ್ ಸೈನ್ಸ್ ಸಿಕ್ಕಿತೆಂದು ನೀವು ಸಂತೋಷಪಡುವುದು ಸಹಜ. ಆಕೆ ಕಲಿಯಲಿರುವ ಪಾಠ ಎಷ್ಟು ಹೊಸದೆಂದು ವಿಚಾರಿಸಿದ್ದೀರಾ?

ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು 2018, 2021 ಮತ್ತು 2022ರಲ್ಲಿ ಪಠ್ಯಕ್ರಮ ಬದಲಿಸಿತು. ಅದರಡಿಯ ಸ್ವಾಯತ್ತ ಕಾಲೇಜುಗಳಂತೂ ತಮ್ಮ ಪಠ್ಯವನ್ನು ತಾವೇ ರೂಪಿಸಬಹುದು. ಪದವಿ ಮಾತ್ರ ವಿಶ್ವವಿದ್ಯಾಲಯದ್ದು. ಆದರೆ ಪುಸ್ತಕ ಬದಲಾದ ಮಾತ್ರಕ್ಕೆ ಕೆಲಸ ಕೈಗೆ ಹತ್ತುವುದಿಲ್ಲ. ಕಂಪೆನಿಗಳ ಇಂದಿನ ಕೆಲಸದ ರೀತಿ ತಿಳಿಯುವುದು ಇಂಟರ್ನ್‌ಶಿಪ್‌ನಲ್ಲಿ. ಅದೀಗ ಕಡ್ಡಾಯ ಕೂಡಾ.

ನಮ್ಮ ಮನೆಗಳಲ್ಲಿ ತೊಡಕಾಗುವುದು ಇಲ್ಲೇ. "ಹುಡುಗಿಯೊಬ್ಬಳನ್ನೇ ಬೆಂಗಳೂರಿಗೆ ಕಳುಹಿಸುವುದು ಹೇಗೆ?" ಎಂದು ಕೆಲವರು ಹಣ ಕೊಟ್ಟು ಸರ್ಟಿಫಿಕೇಟ್ ತಂದು ಮುಗಿಸುತ್ತಾರೆ. ನಾಲ್ಕು ವರ್ಷದ ಫೀಸು ತೆತ್ತು ಕಲಿಕೆಯನ್ನೇ ಕಳೆದುಕೊಂಡಂತೆ! ಭರವಸೆಯ ಹಾಸ್ಟೆಲ್ ಅಥವಾ ಬಂಧುಗಳ ಮನೆ ಹುಡುಕಿ. ದಾಖಲಾತಿಗೆ ಮೊದಲೇ ಕಾಲೇಜಿನಲ್ಲಿ ಕೇಳಿ: ಇಂಟರ್ನ್‌ಶಿಪ್ ಎಲ್ಲಿ, ಎಷ್ಟು ವಾರ, ಕಳೆದ ವರ್ಷ ಎಷ್ಟು ಮಂದಿ ಹುಡುಗಿಯರು ಹೋಗಿದ್ದರು?