ಐವತ್ತರ ನೋಟು, ಐವತ್ತು ಪೈಸೆ ಕಾರ್ಡು

ಸಿರುಗುಪ್ಪದಿಂದ ಬಳ್ಳಾರಿಗೆ ದಿನಾ ಕೋಚಿಂಗ್‌ಗೆ ಓಡಾಡುವ ನಮ್ಮಂಥವರಿಗೆ ಪ್ರವಾಸ ಅಂದರೆ ‘ನೌಕರಿ ಸಿಕ್ಕ ಮೇಲೆ’ ಎಂಬ ಪಟ್ಟಿಗೆ ಸೇರಿದ್ದು. ಬಂಡೀಪುರ, ನಾಗರಹೊಳೆ, ಬನ್ನೇರುಘಟ್ಟ, ಕುದುರೆಮುಖ, ಅಣಶಿ: ರಾಜ್ಯದ ಐದೂ ರಾಷ್ಟ್ರೀಯ ಉದ್ಯಾನಗಳ ಹೆಸರನ್ನು ನಿದ್ದೆಗಣ್ಣಲ್ಲೂ ಹೇಳುತ್ತೇವೆ. ನೋಡಿದ್ದು ಒಂದೂ ಇಲ್ಲ. ಅಧಿಸೂಚನೆ ಯಾವಾಗಲೋ, ಫಲಿತಾಂಶ ಯಾವಾಗಲೋ. ಅಲ್ಲಿಯವರೆಗೆ ಕಣ್ಣು ಮುಚ್ಚಿಕೊಂಡೇ ಇರಬೇಕೇ?

ಕುರುಗೋಡಿನ ಗೆಳತಿಯೂ ನಾನೂ ಹತ್ತಿರದ್ದನ್ನೇ ಹುಡುಕಿದೆವು. ದರೋಜಿ ಕರಡಿಧಾಮ ಬಳ್ಳಾರಿಯಿಂದ ಸುಮಾರು 50 ಕಿ.ಮೀ. 1994ರಲ್ಲಿ ಘೋಷಣೆಯಾದ ಈ ಧಾಮ ಹಂಪಿಯಿಂದ ಬರೀ 15 ಕಿ.ಮೀ. ಅಂದರೆ ಒಂದೇ ಖರ್ಚಿನಲ್ಲಿ ಎರಡು ಜಾಗ.

ದುಡ್ಡಿಗೆ ಒಂದು ಉಪಾಯ ಮಾಡಿದೆವು. 2017ರಲ್ಲಿ ಬಂದ ತಿಳಿನೀಲಿ 50 ರೂಪಾಯಿ ನೋಟಿನ ಹಿಂದೆ ಹಂಪಿಯ ಕಲ್ಲಿನ ರಥ ಇದೆಯಲ್ಲ, ಆ ನೋಟು ಕೈಗೆ ಬಂದಾಗಲೆಲ್ಲ ಡಬ್ಬಿಗೆ ಹಾಕುವುದು. ಎರಡು ತಿಂಗಳಲ್ಲಿ ಆರು ನೋಟು ಕೂಡಿದವು. ‘ಕಲ್ಲು, ಕರಡಿ ನೋಡಾಕ ರೊಕ್ಕ ಯಾಕ ಹಾಳು ಮಾಡ್ತೀಯವ್ವ? ಮೊದಲು ನೌಕರಿ ಸಿಗಲಿ’ ಅಂದಳು ಅವ್ವ. ಡಬ್ಬಿ ತೋರಿಸಿದ ಮೇಲೆ ಸುಮ್ಮನಾದಳು.

ಆರು ನೋಟು ಸಾಕಾಗಿದ್ದು ಹೀಗೆ. ಶಕ್ತಿ ಯೋಜನೆಯಿಂದ ನಮಗೆ ಬಸ್ ಉಚಿತ. ಆಧಾರ್ ಕಾರ್ಡ್ ಮರೆಯಬಾರದು, ಅಷ್ಟೆ. ಹುಡುಗರಿಗೆ ಬಳ್ಳಾರಿ-ಹೊಸಪೇಟೆ ಪ್ಯಾಸೆಂಜರ್ ರೈಲು ಬಸ್ಸಿಗಿಂತ ಅಗ್ಗ. ಕಮಲಾಪುರದಿಂದ ಕರಡಿಧಾಮಕ್ಕೆ ಆಟೊವೇ ದೊಡ್ಡ ಖರ್ಚು, ಹಾಗಾಗಿ ಐದು ಜನ ಸೇರಿಕೊಂಡೆವು. ಬುತ್ತಿಗೆ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ. ಹಂಪಿಯಲ್ಲಿ ವಿಜಯವಿಠ್ಠಲ ದೇವಸ್ಥಾನಕ್ಕೆ ತೆಗೆದ ಟಿಕೆಟನ್ನು ಎಸೆಯಬೇಡಿ. ಅದೇ ದಿನ ಕಮಲ ಮಹಲಿಗೂ ಕಮಲಾಪುರದ ಮ್ಯೂಸಿಯಂಗೂ ಅದೇ ನಡೆಯುತ್ತದೆ. ಮ್ಯೂಸಿಯಂಗೆ ಶುಕ್ರವಾರ ರಜೆ.

ಕರಡಿಧಾಮಕ್ಕೆ ಮಧ್ಯಾಹ್ನದ ನಂತರವೇ ಹೋಗಬೇಕು. ಸಿಬ್ಬಂದಿ ಬಂಡೆಗಳಿಗೆ ಬೆಲ್ಲದ ಪಾಕ ಸವರಿರುತ್ತಾರೆ. ವೀಕ್ಷಣಾ ಗೋಪುರದಲ್ಲಿ ಉಸಿರು ಬಿಗಿಹಿಡಿದು ಕೂತೆವು. ಇಳಿಹೊತ್ತಿನಲ್ಲಿ ತಾಯಿ ಕರಡಿಯೊಂದು ಮರಿಯನ್ನು ಬೆನ್ನ ಮೇಲೆ ಹೊತ್ತು ಬಂಡೆಯ ಸಂದಿಯಿಂದ ಇಳಿದು ಬಂತು. ‘ಮರಿ ಹೊರುವ ಕರಡಿ’ ಎಂದು ನೋಟ್ಸ್‌ನಲ್ಲಿ ಬರೆದುಕೊಂಡಿದ್ದ ಒಂದು ಸಾಲು ಅಂದು ಕಣ್ಣೆದುರೇ ನಡೆಯಿತು.

ಇನ್ನು ನೆನಪಿನ ವಸ್ತುಗಳ ಮಾತು. ಅಭಯಾರಣ್ಯದಿಂದ ಗರಿ, ಮುಳ್ಳು, ಕೊಂಬು ಏನನ್ನೂ ತರುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅದು ಅಪರಾಧ. ಪೊಲೀಸ್ ವೆರಿಫಿಕೇಶನ್‌ಗೆ ಕಾಯುವ ನಮಗೆ ಆ ಗೊಡವೆ ಬೇಡ. ನಾನು ಕೂಡಿಡುವುದು ಮೂರೇ: ಬಸ್ಸಿನ ಶೂನ್ಯ ಟಿಕೆಟ್, ಪ್ರವೇಶದ ಟಿಕೆಟ್, ಒಂದು ಪೋಸ್ಟ್ ಕಾರ್ಡ್. ಬಸ್ ಟಿಕೆಟಿನ ಅಕ್ಷರ ಕೆಲವೇ ತಿಂಗಳಲ್ಲಿ ಮಾಸುತ್ತದೆ, ಅವತ್ತೇ ಹಿಂಬದಿಗೆ ಪೆನ್ನಿನಲ್ಲಿ ದಿನಾಂಕ, ಊರು ಬರೆದಿಡಿ. ಐವತ್ತು ಪೈಸೆಯ ಕಾರ್ಡಿನಲ್ಲಿ ಕಂಡದ್ದನ್ನು ನಾಲ್ಕು ಸಾಲು ಬರೆದು ಅಲ್ಲಿನ ಅಂಚೆ ಕಚೇರಿಯಲ್ಲೇ ಮನೆ ವಿಳಾಸಕ್ಕೆ ಹಾಕಿದರೆ ಆ ಊರಿನ ಮೊಹರು ಬಿದ್ದು ಬರುತ್ತದೆ. ಭಾನುವಾರ ಬಿಟ್ಟು ಹೋಗಿ. ನನ್ನ ಕಾರ್ಡು ಬಂದ ದಿನ ಅವ್ವ ಅದನ್ನು ಎರಡು ಸಲ ಓದಿಸಿ, ದೇವರ ಪಟದ ಹಿಂದೆ ಸಿಕ್ಕಿಸಿದಳು. ಈಗಲೂ ಅಲ್ಲೇ ಇದೆ.

ಮರಳಿ ಬಂದ ಮೇಲೆ ನಮ್ಮ ತಾಲ್ಲೂಕನ್ನೇ ಬೇರೆ ಕಣ್ಣಿನಿಂದ ನೋಡತೊಡಗಿದ್ದೇನೆ. ಸಿರುಗುಪ್ಪದ ಎರೆಹೊಲಗಳು ಗ್ರೇಟ್ ಇಂಡಿಯನ್ ಬಸ್ಟರ್ಡ್, ಅಂದರೆ ಎರ್ಲಡ್ಡು ಹಕ್ಕಿಯ ನೆಲೆ. ಇಡೀ ದೇಶದಲ್ಲಿ ಉಳಿದಿರುವುದು ನೂರೈವತ್ತರ ಆಸುಪಾಸು. ಅದನ್ನು ಹುಡುಕಿಕೊಂಡು ಹೊಲಕ್ಕೆ ನುಗ್ಗಬಾರದು. ಕಂಡರೂ ಜಾಗದ ಗುರುತು ಮೊಬೈಲಿನಲ್ಲಿ ಹಂಚಬಾರದು. ದೂರದಿಂದ ಕಂಡಷ್ಟೇ ನಮ್ಮ ಪಾಲು.

ನಾನಿನ್ನೂ ಕಂಡಿಲ್ಲ. ನೇಮಕಾತಿ ಇಂದಲ್ಲ ನಾಳೆ ಆದೀತು. ಆ ಹಕ್ಕಿ ಅಲ್ಲಿಯವರೆಗೆ ಕಾಯುತ್ತದೆ ಎಂಬ ಭರವಸೆ ನನಗಿಲ್ಲ. ಅದಕ್ಕೇ ಡಬ್ಬಿಗೆ ಮತ್ತೆ ನೋಟು ಹಾಕತೊಡಗಿದ್ದೇನೆ.