ಶಿವರಾತ್ರಿಗೆ ಬೀಜ, ಯುಗಾದಿಗೆ ಪಲ್ಲೆ

ಶಿವರಾತ್ರಿಯಿಂದ ಯುಗಾದಿಗೆ ಎಷ್ಟು ದಿನ? ಗೋಡೆಯ ಕ್ಯಾಲೆಂಡರ್ ತೆಗೆದು ಎಣಿಸಿ ನೋಡಿ, ಮಕ್ಕಳೇ. ಸಾಮಾನ್ಯವಾಗಿ 32 ದಿನದ ಆಸುಪಾಸು ಬರುತ್ತದೆ. ಹುಬ್ಬಳ್ಳಿ-ಧಾರವಾಡದ ಹಿತ್ತಲಿಗೂ ತಾರಸಿಗೂ ಇದು ಬಲು ಒಳ್ಳೆಯ ತಿಂಗಳು. ಚಳಿ 'ಶಿವ ಶಿವಾ' ಎಂದು ಹೊರಟಿರುತ್ತದೆ, ಕಡು ಬೇಸಿಗೆ ಇನ್ನೂ ಬಂದು ಕೂತಿರುವುದಿಲ್ಲ. ಧಾರವಾಡ ಸಮುದ್ರಮಟ್ಟದಿಂದ 700 ಮೀಟರಿಗೂ ಎತ್ತರದಲ್ಲಿರುವುದರಿಂದ ಹಗಲು ಬಿಸಿಲಾದರೂ ರಾತ್ರಿ ತಂಪು ಉಳಿದಿರುತ್ತದೆ. ಈ ಸಂದಿನಲ್ಲಿ ಒಂದು ಬುಟ್ಟಿ ಸೊಪ್ಪು ಬೆಳೆದು, ಯುಗಾದಿಯ ಹೊತ್ತಿಗೆ ಉಂಡು ಮುಗಿಸಬಹುದು.

ಬದನೆ, ಟೊಮೆಟೊ ಈಗ ಯಾಕೆ ಬೇಡ?

ಕೈತೋಟ ಎಂದೊಡನೆ ಮಕ್ಕಳಿಗೆ ಕೆಂಪು ಟೊಮೆಟೊ ನೆನಪಾಗುತ್ತದೆ, ಅಜ್ಜಿಗೆ ಎಣ್ಣೆಗಾಯಿಯ ಬದನೆ. ಆದರೆ ಇವು ಬೀಜದಿಂದ ಕಾಯಿಗೆ ಬರಲು ಎರಡು-ಮೂರು ತಿಂಗಳು ಬೇಕು. ಈಗ ಬಿತ್ತಿದರೆ ಏಪ್ರಿಲ್, ಮೇ ಬಿಸಿಲಿನಲ್ಲಿ ದಿನಾ ನೀರುಣಿಸಬೇಕು. ಅವಳಿ ನಗರಕ್ಕೆ ನೀರು ಬರುವುದು ಸವದತ್ತಿ ಬಳಿಯ ಮಲಪ್ರಭಾ ಜಲಾಶಯದಿಂದ. ಎಷ್ಟೋ ಬಡಾವಣೆಗಳಲ್ಲಿ ನಳ ಬರುವುದೇ ಕೆಲವು ದಿನಕ್ಕೊಮ್ಮೆ. ಬೇಸಿಗೆಯಲ್ಲಿ ಕೊಡ ಎಣಿಸುವ ಮನೆಯಲ್ಲಿ ಮೊದಲು ಒಣಗುವುದು ಗಿಡ. ಒಣಗಿದ ಗಿಡ ಕಂಡ ಮಗು ಮತ್ತೆ ಬೀಜ ಮುಟ್ಟುವುದಿಲ್ಲ.

ಅದಕ್ಕೇ ನೀರಿನ ಬರ ಬರುವ ಮೊದಲೇ ಕೈಗೆ ಬರುವ ಬೆಳೆ ಹಾಕಬೇಕು. ಮೆಂತೆ, ರಾಜಗಿರಿ, ಕೊತ್ತಂಬರಿ ಅಂಥವು. ಒಂದೂವರೆ ಅಡಿ ಉದ್ದ, ಒಂದಡಿ ಅಗಲದ ಬುಟ್ಟಿಗೆ ದಿನಕ್ಕೊಂದು ತಂಬಿಗೆ ನೀರು ಸಾಕು. ಅದಕ್ಕೂ ನಳದ ನೀರು ಬೇಡ. ಅಕ್ಕಿ, ಬೇಳೆ, ಕಾಯಿಪಲ್ಲೆ ತೊಳೆದ ನೀರನ್ನು ಬಕೆಟ್ಟಿನಲ್ಲಿ ಹಿಡಿದಿಡಿ. ಉಪ್ಪು, ಎಣ್ಣೆ, ಸೋಪು ಬಿದ್ದ ನೀರು ಮಾತ್ರ ಬೇಡ. ಬದನೆಯ ಅಗಿಗೆ ಮಳೆಗಾಲದ ಹೊಸ್ತಿಲಲ್ಲಿ ಬೀಜ ಹಾಕಿದರಾಯಿತು.

ಬೀಜ ಡಬ್ಬಿಯಲ್ಲೇ ಇದೆ

ಮೆಂತೆಕಾಳು, ಕೊತ್ತಂಬರಿ ಕಾಳು ಅಡಿಗೆಮನೆಯ ಡಬ್ಬಿಯಲ್ಲೇ ಇರುತ್ತವೆ. ರಾಜಗಿರಿ ಕಾಳು ಕಿರಾಣಿ ಅಂಗಡಿಯಲ್ಲಿ ಸಿಗುತ್ತದೆ. ಆದರೆ ರಾಜಗಿರಿ ಅರಳು ತರಬೇಡಿ, ಹುರಿದ ಕಾಳು ಮೊಳೆಯುವುದಿಲ್ಲ!

ಹಳೆಯ ಕಾಳಿಗೆ ಜೀವ ಇದೆಯೋ ಇಲ್ಲವೋ? ಹತ್ತು ಮೆಂತೆಕಾಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ನಾಲ್ಕು ದಿನದ ಮೇಲೆ ಬಿಚ್ಚಿ ಎಣಿಸಿ. ಏಳಕ್ಕಿಂತ ಹೆಚ್ಚು ಮೊಳೆತಿದ್ದರೆ ಬೀಜ ಗಟ್ಟಿ. ಬೀಜ ಪರೀಕ್ಷೆಯ ಪ್ರಯೋಗಾಲಯಗಳಲ್ಲೂ ಮಾಡುವುದು ಇದನ್ನೇ, ಅಲ್ಲಿ ಸಾಮಾನ್ಯವಾಗಿ 400 ಬೀಜ ಎಣಿಸುತ್ತಾರೆ, ಅಷ್ಟೇ.

ಕೊತ್ತಂಬರಿಯ ಒಂದು ಕಾಳಿನೊಳಗೆ ಎರಡು ಬೀಜ ಇರುತ್ತವೆ. ಚಪ್ಪಲಿಯ ಅಡಿ ಅಥವಾ ಲಟ್ಟಣಿಗೆಯಿಂದ ಮೆಲ್ಲಗೆ ಉಜ್ಜಿದರೆ ಎರಡು ಹೋಳಾಗುತ್ತದೆ. ರಾತ್ರಿ ನೆನೆಸಿಟ್ಟು ಬೆಳಿಗ್ಗೆ ಬಿತ್ತಿ. ಬೀಜದ ಅಂಗಡಿಯಿಂದ ತಂದ ಪೊಟ್ಟಣದಲ್ಲಿ ಕಾಳಿಗೆ ಗುಲಾಬಿ ಅಥವಾ ಹಸಿರು ಬಣ್ಣ ಹಚ್ಚಿದ್ದರೆ, ಅದು ಔಷಧ ಲೇಪಿಸಿದ ಬೀಜ. ಬಾಯಿಗೆ ಹಾಕಬಾರದು, ಮುಟ್ಟಿದ ಮೇಲೆ ಕೈ ತೊಳೆಯಬೇಕು.

ಎರಿಯೋ, ಮಸಾರಿಯೋ?

ನಮ್ಮ ಜಿಲ್ಲೆಯಲ್ಲಿ ನವಲಗುಂದ, ಕುಂದಗೋಳದ ಕಡೆ ಎರಿ ಭೂಮಿ, ಕಲಘಟಗಿಯ ಕಡೆ ಮಸಾರಿ. ಎರಿ ಮಣ್ಣು ಹೊಲದಲ್ಲಿ ಹಸಿ ಹಿಡಿದಿಡುವ ಬಂಗಾರ. ಆದರೆ ಬುಟ್ಟಿಯಲ್ಲಿ ಅದೊಂದನ್ನೇ ತುಂಬಿದರೆ ನೀರು ಬಿದ್ದಾಗ ಅಂಟಾಗುತ್ತದೆ, ಒಣಗಿದಾಗ ಬಿರುಕು ಬಿಟ್ಟು ಬೇರು ಹರಿಯುತ್ತದೆ. ಎರಡು ಪಾಲು ಮಸಾರಿ ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ, ಒಂದು ಪಾಲು ಮರಳು ಕೂಡಿಸಿ. ಬುಟ್ಟಿಯ ತಳಕ್ಕೆ ತೂತು ಇರಲೇಬೇಕು.

ಹಬ್ಬವೇ ಪಂಚಾಂಗ

ಶಿವರಾತ್ರಿಯ ಮರುದಿನ: ಮೆಂತೆ, ಕೊತ್ತಂಬರಿಯನ್ನು ಬೆರಳಿನ ಅರ್ಧ ಗೆಣ್ಣಿನಷ್ಟು ಆಳಕ್ಕೆ ಬಿತ್ತಿ. ರಾಜಗಿರಿ ಕಾಳು ಸಾಸಿವೆಗಿಂತ ಸಣ್ಣದು. ಅದನ್ನು ಒಂದು ಮುಷ್ಟಿ ಮರಳಿನಲ್ಲಿ ಕಲಸಿ ಉದುರಿಸಿ, ಮೇಲೆ ತೆಳ್ಳಗೆ ಮಣ್ಣು ಹಾಕಿ. ಗುಬ್ಬಿ, ಇರುವೆ ಹೊತ್ತೊಯ್ಯದಂತೆ ಹಳೆಯ ಧೋತರದ ತುಂಡು ಹೊದಿಸಿ, ಮೊಳಕೆ ಕಂಡೊಡನೆ ತೆಗೆಯಿರಿ. ಮೆಂತೆ ನಾಲ್ಕೈದು ದಿನಕ್ಕೆ ತಲೆ ಎತ್ತುತ್ತದೆ, ಕೊತ್ತಂಬರಿಗೆ ಎಂಟು-ಹತ್ತು ದಿನ ಬೇಕು.

ಹೋಳಿ ಹುಣ್ಣಿಮೆ: ಸಸಿಗಳು ಒತ್ತಾಗಿದ್ದರೆ ಕೆಲವನ್ನು ಕಿತ್ತು ಜಾಗ ಮಾಡಿ. ಕಿತ್ತ ಮೆಂತೆಯ ಬೇರು ನೋಡಿ, ಸಣ್ಣ ಗಂಟುಗಳು ಕಂಡಾವು. ಅವುಗಳಲ್ಲಿರುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಗಿಡಕ್ಕೆ ಗೊಬ್ಬರವಾಗಿಸಿ ಕೊಡುತ್ತವೆ.

ರಂಗಪಂಚಮಿ: ಹುಬ್ಬಳ್ಳಿಯಲ್ಲಿ ಬಣ್ಣದಾಟ. ಬುಟ್ಟಿಯನ್ನು ಬಣ್ಣ ತಾಗದ ಮೂಲೆಗೆ ಸರಿಸಿ! ಈ ಹೊತ್ತಿಗೆ ಮೆಂತೆ ಕೊಯ್ಲಿಗೆ ಬಂದಿರುತ್ತದೆ. ಮಧ್ಯಾಹ್ನದ ಬಿಸಿಲು 35 ಡಿಗ್ರಿ ಮುಟ್ಟುವ ದಿನಗಳಿವು. ಹನ್ನೆರಡರ ಮೇಲೆ ನೆರಳು ಬೀಳುವ ಜಾಗ ಒಳ್ಳೆಯದು.

ಯುಗಾದಿ: ರಾಜಗಿರಿ ಗೇಣುದ್ದ ಆಗಿರುತ್ತದೆ. ಕೊತ್ತಂಬರಿಯ ಎಳೆ ಎಲೆ ಕೋಸಂಬರಿಗೆ ಆಗುತ್ತದೆ.

ತಾಟಿಗೆ ಬಂತು

ಮೆಂತೆ ಪಚಡಿ: ಎಳೆ ಮೆಂತೆ ತೊಳೆದು ಸಣ್ಣಗೆ ಹೆಚ್ಚಿ. ಹೆಚ್ಚಿದ ಉಳ್ಳಾಗಡ್ಡಿ, ಎರಡು ಚಮಚ ಗುರೆಳ್ಳ ಹಿಂಡಿ, ಒಂದು ಚಮಚ ಶೇಂಗಾ ಹಿಂಡಿ, ಒಂದು ಚಮಚ ಹಸಿ ಎಣ್ಣೆ ಹಾಕಿ. ಉಪ್ಪು ಹಾಕಿದರೆ ನೀರು ಬಿಡುತ್ತದೆ, ಅದನ್ನೂ ಗಟ್ಟಿ ಮೊಸರನ್ನೂ ಉಣ್ಣಲು ಕೂತಾಗಲೇ ಬೆರೆಸಿ. ಒಲೆ ಹಚ್ಚುವುದೇ ಬೇಡ, ಆದ್ದರಿಂದ ಇದು ಮಕ್ಕಳೇ ಮಾಡಬಹುದಾದ ಅಡಿಗೆ. ಬಿಸಿ ಜೋಳದ ರೊಟ್ಟಿ ಮಾತ್ರ ದೊಡ್ಡವರು ಬಡಿದು ಕೊಡಲಿ.

ರಾಜಗಿರಿ ಪಲ್ಲೆ: ಎಣ್ಣೆಯಲ್ಲಿ ಸಾಸಿವೆ, ಜೀರಿಗೆ, ಜಜ್ಜಿದ ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಉಳ್ಳಾಗಡ್ಡಿ ಬಾಡಿಸಿ. ಅರ್ಧ ತಾಸು ನೆನೆದ ಒಂದು ಹಿಡಿ ಹೆಸರುಬೇಳೆ ಹಾಕಿ, ನೀರು ಚಿಮುಕಿಸಿ ಮುಚ್ಚಿಡಿ. ಬೇಳೆ ಮೆತ್ತಗಾದ ಮೇಲೆ ಸೊಪ್ಪು, ಉಪ್ಪು ಹಾಕಿ ಐದು ನಿಮಿಷ ಬೇಯಿಸಿ.

ಅಜ್ಜ-ಅಜ್ಜಿಯರಿಗೆ ಒಂದು ಕೆಲಸ

ಹುಬ್ಬಳ್ಳಿಯ ಜನತಾ ಬಜಾರಿಗೋ ಧಾರವಾಡದ ಸೂಪರ್ ಮಾರ್ಕೆಟ್ಟಿಗೋ ಹೋಗುವಾಗ ಮೊಮ್ಮಕ್ಕಳನ್ನೂ ಕರೆದೊಯ್ಯಿರಿ. ಪುಂಡಿ, ಹಕ್ಕರಕಿ, ಕಿರಕಸಾಲಿ, ಸಬ್ಬಸಗಿ... ಎಷ್ಟು ಸೊಪ್ಪಿನ ಹೆಸರು ಅವರಿಗೆ ಗೊತ್ತು, ಕೇಳಿ. ಪುಂಡಿ, ಬೆಂಡೆ, ಹತ್ತಿ, ದಾಸವಾಳ ಒಂದೇ ಕುಟುಂಬದವು ಎಂದು ಹೂ ತೋರಿಸಿ ಹೇಳಿ. ಹಕ್ಕರಕಿಯಂಥ ಸೊಪ್ಪು ಹೊಲದ ಬದುವಿನಲ್ಲಿ ತಾನೇ ಹುಟ್ಟುತ್ತದೆ, ಅದನ್ನು ಕಳೆಯಿಂದ ಬೇರ್ಪಡಿಸಿ ನೋಡುವ ಕಣ್ಣು ಇರುವುದು ನಿಮಗೆ. ತೋರಿಸಿ ಕೊಡದಿದ್ದರೆ ಆ ಗುರುತು ನಿಮ್ಮ ತಲೆಮಾರಿಗೇ ನಿಂತುಹೋಗುತ್ತದೆ. ಮಕ್ಕಳೇ, ಹಿರಿಯರು ಗುರುತಿಸಿ ಕೊಡದ ಸೊಪ್ಪನ್ನು ಮಾತ್ರ ತಿನ್ನಬೇಡಿ.

ಯುಗಾದಿಯ ನಂತರ ಬಿಸಿಲೇರಿದಂತೆ ಕೊತ್ತಂಬರಿ ಬೇಗ ಹೂ ಬಿಡುತ್ತದೆ. ಕೆಟ್ಟಿತೆಂದು ಕೀಳಬೇಡಿ, ನಾಲ್ಕು ಗಿಡ ಹಾಗೇ ಬಿಡಿ. ಕಾಳು ಕಂದು ಬಣ್ಣಕ್ಕೆ ತಿರುಗಿದಾಗ ಕೊಯ್ದು, ನೆರಳಲ್ಲಿ ಒಣಗಿಸಿ, ಕಾಗದದ ಪೊಟ್ಟಣ ಕಟ್ಟಿ. ಮೇಲೆ ಬೆಳೆಯ ಹೆಸರು, ಕೊಯ್ದ ತಾರೀಖು, ಬೆಳೆದವರ ಹೆಸರು ಬರೆಯಿರಿ. ಮುಂದಿನ ಸಲ ಬೀಜವನ್ನು ಡಬ್ಬಿಯಿಂದ ಎರವಲು ಪಡೆಯಬೇಕಿಲ್ಲ.