ಫಾರಿನ್‌ನಲ್ಲಿ ಟೀಚರ್ ಕೆಲಸ: ಏಜೆಂಟ್‌ಗೆ ದುಡ್ಡು ಕೊಡೋ ಮುಂಚೆ ಈ ನಂಬರ್ ಕೇಳಿ

ಮಧುಗಿರಿ: ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿದ ನಮ್ಮ ಶೈಕ್ಷಣಿಕ ಜಿಲ್ಲೆಯಲ್ಲಿ ಬಿ.ಇಡಿ ಮುಗಿಸಿ ಅತಿಥಿ ಶಿಕ್ಷಕರಾಗಿ ದುಡಿಯುತ್ತಿರುವವರು ಸಾಕಷ್ಟು ಮಂದಿ ಇದ್ದಾರೆ. ಗೌರವಧನ ತಿಂಗಳಿಗೆ ಹತ್ತು-ಹನ್ನೆರಡು ಸಾವಿರದ ಆಸುಪಾಸು. ಬೇಸಿಗೆ ರಜೆ ಬಂತೆಂದರೆ ಅದೂ ಇಲ್ಲ. ಇಂಥವರ ಮೊಬೈಲ್‌ಗೆ ‘ದುಬೈ ಸ್ಕೂಲ್‌ಗೆ ಟೀಚರ್ ಬೇಕು, ಸಂಬಳ ಲಕ್ಷ, ರೂಮ್ ಫ್ರೀ, ಎರಡು ಲಕ್ಷ ಕಟ್ಟಿದರೆ ವೀಸಾ ಗ್ಯಾರಂಟಿ’ ಅಂತ ಮೆಸೇಜ್ ಬಂದರೆ ಮನಸ್ಸು ಅಲ್ಲಾಡೋದು ಸಹಜ.

ಕೆಲಸ ಇರೋದು ಸುಳ್ಳಲ್ಲ. ಗಲ್ಫ್ ದೇಶಗಳಲ್ಲಿ ಸಿಬಿಎಸ್‌ಇ ಪಠ್ಯ ಹೇಳಿಕೊಡುವ ಭಾರತೀಯ ಶಾಲೆಗಳು ಬಹಳ ಇವೆ. ಮಾಲ್ಡೀವ್ಸ್‌ನಲ್ಲೂ ನಮ್ಮ ದೇಶದ ಶಿಕ್ಷಕರು ವರ್ಷಗಳಿಂದ ಪಾಠ ಮಾಡುತ್ತಿದ್ದಾರೆ. ಏಜೆನ್ಸಿ ಮೂಲಕ ಹೋಗೋದೂ ತಪ್ಪಲ್ಲ. ಆದರೆ ಯಾವ ಏಜೆನ್ಸಿ, ಎಷ್ಟು ದುಡ್ಡು, ಯಾವ ಕಾಗದ ಅನ್ನೋದು ಗೊತ್ತಿರಬೇಕು.

ಓದಿದವರಿಗೇ ಜಾಸ್ತಿ ಎಚ್ಚರ ಬೇಕು

ಎಸ್‌ಎಸ್‌ಎಲ್‌ಸಿ ಪಾಸಾಗದವರು ಗಲ್ಫ್ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ಸರ್ಕಾರದ ವಲಸೆ ಅನುಮತಿ ಬೇಕು. ಆ ಹಂತದಲ್ಲಿ ಕೆಲಸದ ಕರಾರು ನೋಡುತ್ತಾರೆ, 10 ಲಕ್ಷ ರೂಪಾಯಿಯ ವಿಮೆ ಮಾಡಿಸಲೇಬೇಕು. ಡಿಗ್ರಿ, ಬಿ.ಇಡಿ ಆದವರಿಗೆ ಈ ಅನುಮತಿ ಬೇಡ. ಪಾಸ್‌ಪೋರ್ಟ್, ವೀಸಾ ಇದ್ದರೆ ನೇರ ವಿಮಾನ ಹತ್ತಬಹುದು.

ಕೇಳೋಕೆ ಇದು ಅನುಕೂಲ. ಆದರೆ ‘ನಿನ್ನ ಕರಾರು ಸರಿ ಇದೆಯೇನಪ್ಪಾ’ ಅಂತ ದಾರಿಯಲ್ಲಿ ಯಾರೂ ಕೇಳೋದಿಲ್ಲ ಅಂತಲೂ ಇದರ ಅರ್ಥ. ಗಾರೆ ಕೆಲಸಕ್ಕೆ ಹೋಗುವವರಿಗೆ ಇರುವ ಒಂದು ತಡೆ ಮೇಷ್ಟ್ರಿಗೆ ಇಲ್ಲ. ಹಾಗಾಗಿ ತಪಾಸಣೆ ತಾವೇ ಮಾಡಿಕೊಳ್ಳಬೇಕು.

ಥಾಯ್ಲೆಂಡ್‌ನಲ್ಲಿ ಕಂಪ್ಯೂಟರ್ ಕೆಲಸ ಅಂತ ನಂಬಿ ಹೋಗಿ ಮ್ಯಾನ್ಮಾರ್‌ನ ಆನ್‌ಲೈನ್ ವಂಚನೆ ಕೇಂದ್ರಗಳಲ್ಲಿ ಸಿಕ್ಕಿಬಿದ್ದವರನ್ನು ನೆನಪಿಸಿಕೊಳ್ಳಿ. 2025ರ ಮಾರ್ಚ್‌ನಲ್ಲಿ 500ಕ್ಕೂ ಹೆಚ್ಚು ಭಾರತೀಯರನ್ನು ವಾಯುಪಡೆಯ ವಿಮಾನಗಳಲ್ಲಿ ವಾಪಸ್ ಕರೆತರಬೇಕಾಯಿತು.

ಮೊದಲು ಕೇಳಬೇಕಾದ್ದು ಆರ್‌ಸಿ ನಂಬರ್

1983ರ ವಲಸೆ ಕಾಯ್ದೆ ಪ್ರಕಾರ, ವಿದೇಶದ ಕೆಲಸಕ್ಕೆ ಜನರನ್ನು ನೇಮಕ ಮಾಡಿಕೊಡುವ ಏಜೆಂಟ್ ಕೇಂದ್ರ ವಿದೇಶಾಂಗ ಸಚಿವಾಲಯದಲ್ಲಿ ನೋಂದಣಿ ಮಾಡಿಸಿರಬೇಕು. ಆ ನೋಂದಣಿ ಪ್ರಮಾಣಪತ್ರದ ಸಂಖ್ಯೆಯೇ ಆರ್‌ಸಿ ನಂಬರ್. ಜಿಎಸ್‌ಟಿ ನಂಬರ್, ಟ್ರೇಡ್ ಲೈಸೆನ್ಸ್, ಬೆಂಗಳೂರಿನಲ್ಲಿರುವ ಎಸಿ ಆಫೀಸು ಯಾವುದೂ ಇದಕ್ಕೆ ಸಮ ಅಲ್ಲ. ನೋಂದಣಿ ಇಲ್ಲದೆ ಈ ದಂಧೆ ಮಾಡಿದರೆ ಎರಡು ವರ್ಷದವರೆಗೆ ಜೈಲಿಗೆ ಅವಕಾಶ ಇದೆ.

ನಂಬರ್ ಕೊಟ್ಟರು ಅಂತ ಸುಮ್ಮನಾಗಬೇಡಿ. ಸಚಿವಾಲಯದ ಇ-ಮೈಗ್ರೇಟ್ ವೆಬ್‌ಸೈಟ್‌ನಲ್ಲಿ ನೋಂದಾಯಿತ ಏಜೆಂಟರ ಪಟ್ಟಿ ಇದೆ. ಹೆಸರು, ವಿಳಾಸ, ನೋಂದಣಿ ಚಾಲ್ತಿಯಲ್ಲಿದೆಯೋ ಇಲ್ಲವೋ ಎಲ್ಲ ಅಲ್ಲಿ ಸಿಗುತ್ತೆ. ದೂರು ಬಂದಿರುವ ಅನಧಿಕೃತ ಏಜೆಂಟರ ಪಟ್ಟಿಯೂ ಅಲ್ಲೇ ಇದೆ. ಅದರಲ್ಲಿರುವ ಹೆಸರುಗಳು 3 ಸಾವಿರ ದಾಟಿವೆ.

‘ನಾನು ಅವರ ಸಬ್ ಏಜೆಂಟ್’ ಅನ್ನೋರ ಮಾತಿಗೆ ಬೆಲೆ ಕೊಡಬೇಡಿ. ಕಾಯ್ದೆಯಲ್ಲಿ ಸಬ್ ಏಜೆಂಟ್ ಅನ್ನೋ ಲೆಕ್ಕವೇ ಇಲ್ಲ. ಪರಿಚಯದವರೇ ಆಗಿರಲಿ, ದೂರದ ನೆಂಟರೇ ಆಗಿರಲಿ, ಪಟ್ಟಿಯಲ್ಲಿರುವ ಆಫೀಸಿಗೆ ನೀವೇ ಹೋಗಿ ಮಾತಾಡಿ.

ಎಷ್ಟು ದುಡ್ಡು ಕೊಡಬಹುದು?

ನೋಂದಾಯಿತ ಏಜೆಂಟ್ ಸೇವಾ ಶುಲ್ಕವಾಗಿ ಹೆಚ್ಚೆಂದರೆ 30,000 ರೂಪಾಯಿ ತಗೋಬಹುದು. ಶೇ 18 ಜಿಎಸ್‌ಟಿ ಸೇರಿದರೆ 35,400. ಅದಕ್ಕೆ ರಸೀದಿ ಕೊಡಲೇಬೇಕು. ಇದರ ಮೇಲೆ ಲಕ್ಷಗಟ್ಟಲೆ ಕೇಳಿದರೆ ಅದು ನಿಯಮಕ್ಕೆ ವಿರುದ್ಧ.

ಯುಎಇ ಕಾನೂನು ಇನ್ನೂ ಬಿಗಿ. ನೇಮಕಾತಿ ಖರ್ಚನ್ನು ಕೆಲಸಗಾರರಿಂದ ವಸೂಲಿ ಮಾಡಬಾರದು, ಮಾಲೀಕನೇ ಭರಿಸಬೇಕು ಅಂತ ಅಲ್ಲಿನ ಕಾರ್ಮಿಕ ಕಾನೂನು ಹೇಳುತ್ತೆ. ಬ್ರಿಟನ್‌ನಲ್ಲೂ ಕೆಲಸ ಹುಡುಕಿಕೊಟ್ಟಿದ್ದಕ್ಕೆ ಏಜೆನ್ಸಿ ಅಭ್ಯರ್ಥಿಯಿಂದ ಫೀಸ್ ತಗೊಳ್ಳುವಂತಿಲ್ಲ. ಅಂದರೆ ಏಜೆನ್ಸಿಗೆ ದುಡ್ಡು ಬರಬೇಕಾದ್ದು ಮುಖ್ಯವಾಗಿ ಶಾಲೆಯಿಂದ.

ಸಾಲದ ಲೆಕ್ಕವನ್ನೂ ಹಾಕಿ. ನೂರಕ್ಕೆ ಎರಡು ರೂಪಾಯಿ ಬಡ್ಡಿಗೆ ಎರಡು ಲಕ್ಷ ತಂದರೆ ತಿಂಗಳಿಗೆ 4,000, ವರ್ಷಕ್ಕೆ 48,000 ಬರೀ ಬಡ್ಡಿ. ಕೆಲಸ ಸಿಗದಿದ್ದರೆ ಅತಿಥಿ ಶಿಕ್ಷಕರ ಗೌರವಧನದಲ್ಲಿ ಮೂರನೇ ಒಂದು ಭಾಗ ಅಲ್ಲಿಗೇ ಹೋಯಿತು.

ಕಾಗದ ಪತ್ರಕ್ಕೆ ಶಾರ್ಟ್‌ಕಟ್ ಇಲ್ಲ

ಗಲ್ಫ್‌ನ ಭಾರತೀಯ ಶಾಲೆಗಳು ಸಾಮಾನ್ಯವಾಗಿ ಡಿಗ್ರಿ, ಬಿ.ಇಡಿ ಜೊತೆಗೆ ಎರಡು ವರ್ಷದ ಅನುಭವ ಕೇಳುತ್ತವೆ. ಪಾಠ ಇಂಗ್ಲಿಷ್‌ನಲ್ಲಿ ಮಾಡಬೇಕು. ಈಗ ಖಾಸಗಿ ಶಾಲೆಯಲ್ಲೋ, ಅತಿಥಿ ಶಿಕ್ಷಕರಾಗಿಯೋ ಇರುವವರು ಅನುಭವ ಪತ್ರವನ್ನು ಮುಂಚೆಯೇ ತಗೊಂಡಿಟ್ಟುಕೊಳ್ಳಿ.

ಪ್ರಮಾಣಪತ್ರಗಳ ದೃಢೀಕರಣ ಹಂತ ಹಂತವಾಗಿ ಆಗಬೇಕು. ವಿಶ್ವವಿದ್ಯಾಲಯದ ಮೂಲ ಪದವಿ ಪತ್ರ ಇಲ್ಲದವರು ಮೊದಲು ಅದನ್ನು ಪಡೆಯಿರಿ. ನಂತರ ಬೆಂಗಳೂರಿನಲ್ಲಿ ರಾಜ್ಯ ಮಟ್ಟದ ದೃಢೀಕರಣ, ಆಮೇಲೆ ವಿದೇಶಾಂಗ ಸಚಿವಾಲಯದ ಮುದ್ರೆ. ಸೌದಿ, ಒಮಾನ್, ಬಹ್ರೇನ್‌ಗೆ ಸಚಿವಾಲಯದ ‘ಅಪೋಸ್ಟಿಲ್’ ಸಾಕು. ಯುಎಇ, ಕತಾರ್, ಕುವೈತ್‌ಗೆ ಆ ದೇಶದ ರಾಯಭಾರ ಕಚೇರಿಯ ಮುದ್ರೆಯೂ ಬೇಕು. ಮೂಲ ಪತ್ರ ಯಾರ ಕೈಗೆ ಕೊಟ್ಟರೂ ಬರವಣಿಗೆಯಲ್ಲಿ ರಸೀದಿ ತಗೊಳ್ಳಿ. ‘ಫೈಲ್‌ನಲ್ಲಿ ಇರಲಿ’ ಅಂತ ಪಾಸ್‌ಪೋರ್ಟ್ ಬಿಟ್ಟು ಬರಬೇಡಿ.

ಪಾಸ್‌ಪೋರ್ಟ್ ಇನ್ನೂ ಇಲ್ಲದವರು ತುಮಕೂರಿನ ಅಂಚೆ ಕಚೇರಿ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲೇ ಮಾಡಿಸಬಹುದು. 36 ಪುಟದ ಸಾಮಾನ್ಯ ಪಾಸ್‌ಪೋರ್ಟ್‌ಗೆ ಸರ್ಕಾರಿ ಶುಲ್ಕ 1,500 ರೂಪಾಯಿ.

ಶಾಲೆ ನಿಜವಾಗಿ ಇದೆಯಾ?

ಸಿಬಿಎಸ್‌ಇ ಮಾನ್ಯತೆ ಪಡೆದ ವಿದೇಶಿ ಶಾಲೆಗಳ ಪಟ್ಟಿ ಮಂಡಳಿಯ ವೆಬ್‌ಸೈಟ್‌ನಲ್ಲಿದೆ. ಏಜೆಂಟ್ ಕೊಟ್ಟ ನಂಬರ್ ಬಿಟ್ಟು ಪಟ್ಟಿಯಲ್ಲಿರುವ ಫೋನ್ ಅಥವಾ ಇಮೇಲ್‌ಗೆ ‘ಈ ಆಫರ್ ಲೆಟರ್ ನಿಮ್ಮದೇನಾ’ ಅಂತ ಕೇಳಿ. ಈ ಶಾಲೆಗಳು ಸಾಮಾನ್ಯವಾಗಿ ಏಪ್ರಿಲ್‌ನಲ್ಲಿ ಶುರುವಾಗೋದರಿಂದ ಹೆಚ್ಚಿನ ಸಂದರ್ಶನಗಳು ಅದಕ್ಕೂ ಹಿಂದಿನ ತಿಂಗಳುಗಳಲ್ಲೇ ನಡೆಯುತ್ತವೆ. ಸಂದರ್ಶನ, ಡೆಮೊ ಪಾಠ ಏನೂ ಇಲ್ಲದೆ ನೇರ ಆಫರ್ ಬಂದರೆ ಅನುಮಾನ ಪಡಬೇಕು.

ಕರಾರಿನಲ್ಲಿ ಮೂಲ ಸಂಬಳ, ಮನೆ ಬಾಡಿಗೆ, ವಿಮಾನ ಟಿಕೆಟ್, ವೈದ್ಯಕೀಯ ವಿಮೆ, ಎಷ್ಟು ವರ್ಷ ಅನ್ನೋದು ಸ್ಪಷ್ಟ ಇರಬೇಕು. ದಿರ್ಹಂ ಸಂಬಳವನ್ನು ರೂಪಾಯಿಗೆ ಗುಣಿಸಿ ಖುಷಿಪಡೋ ಮುಂಚೆ ಅಲ್ಲಿನ ಬಾಡಿಗೆ ಕಳೆದು ನೋಡಿ. ‘ಈಗ ವಿಸಿಟ್ ವೀಸಾದಲ್ಲಿ ಹೋಗಿ, ಅಲ್ಲಿ ಬದಲಾಯಿಸ್ತೀವಿ’ ಅಂದರೆ ಅಲ್ಲೇ ಕೈಮುಗಿದು ವಾಪಸ್ ಬನ್ನಿ. ಭೇಟಿ ವೀಸಾದಲ್ಲಿ ಕೆಲಸ ಮಾಡೋದು ಅಪರಾಧ. ಸಿಕ್ಕಿಬಿದ್ದರೆ ತೊಂದರೆಗೆ ಸಿಲುಕುವವರು ನೀವು.

ಏಜೆಂಟ್ ಇಲ್ಲದ ದಾರಿಗಳು

ಹಲವು ಶಾಲೆಗಳು ತಮ್ಮ ವೆಬ್‌ಸೈಟ್‌ನಲ್ಲೇ ಅರ್ಜಿ ಕರೆಯುತ್ತವೆ. ಗಣಿತ, ವಿಜ್ಞಾನ, ಭಾಷಾ ಶಿಕ್ಷಕರು ಇಂಗ್ಲೆಂಡಿನ ಶಿಕ್ಷಕ ಮಾನ್ಯತೆಗೆ 2023ರಿಂದ ಭಾರತದಿಂದಲೇ ಅರ್ಜಿ ಹಾಕುವ ಅವಕಾಶ ಬಂದಿದೆ. ಮಾನ್ಯತೆ ಸಿಕ್ಕರೂ ಕೆಲಸ, ವೀಸಾ ಬೇರೆಯಾಗಿ ಪಡೆಯಬೇಕು. ಕಠ್ಮಂಡು, ಮಾಸ್ಕೋ, ಟೆಹರಾನ್‌ನ ಕೇಂದ್ರೀಯ ವಿದ್ಯಾಲಯಗಳಿಗೆ ಇಲ್ಲಿನ ಕಾಯಂ ಶಿಕ್ಷಕರನ್ನೇ ಸಂಘಟನೆ ನಿಯೋಜಿಸುತ್ತೆ. ಅಲ್ಲಿಗೆ ಕಾಯಂ ಕೆಲಸ ಕೊಡಿಸ್ತೀನಿ ಅನ್ನೋ ಏಜೆಂಟ್ ಮಾತು ನಂಬಬೇಡಿ.

ಕರ್ನಾಟಕ ವೃತ್ತಿ ತರಬೇತಿ ಮತ್ತು ಕೌಶಲ್ಯ ಅಭಿವೃದ್ಧಿ ನಿಗಮವೂ ಸರ್ಕಾರಿ ನೋಂದಾಯಿತ ನೇಮಕಾತಿ ಸಂಸ್ಥೆ. ಅಲ್ಲಿ ಹೆಚ್ಚಾಗಿ ನರ್ಸ್, ತಾಂತ್ರಿಕ ಕೆಲಸಗಳಿಗೆ ಅವಕಾಶ ಬರುತ್ತೆ. ಶಿಕ್ಷಕರ ಹುದ್ದೆ ಇದೆಯಾ ಅಂತ ವಿಚಾರಿಸೋದರಲ್ಲಿ ನಷ್ಟ ಇಲ್ಲ.

ಅಂಗಡಿಯವರಿಗೆ ಒಂದು ಮಾತು

ಜೆರಾಕ್ಸ್ ಅಂಗಡಿ, ಸೈಬರ್ ಸೆಂಟರ್, ಮೊಬೈಲ್ ಅಂಗಡಿಗಳ ಗೋಡೆ ಮೇಲೆ ‘ಫಾರಿನ್ ಜಾಬ್’ ಪಾಂಪ್ಲೆಟ್ ಅಂಟಿಸೋಕೆ ಯಾರಾದರೂ ಬಂದರೆ, ಅದರಲ್ಲಿ ಆರ್‌ಸಿ ನಂಬರ್ ಇದೆಯಾ ನೋಡಿ. ಇಲ್ಲದಿದ್ದರೆ ಅಂಟಿಸೋಕೆ ಬಿಡಬೇಡಿ. ಗಿರಾಕಿಗಳು ನಿಮ್ಮ ಅಂಗಡಿ ಗೋಡೆ ಮೇಲಿದೆ ಅನ್ನೋ ನಂಬಿಕೆಯಿಂದಲೇ ಆ ನಂಬರ್‌ಗೆ ಫೋನ್ ಮಾಡ್ತಾರೆ.

ಮೋಸ ಹೋಗಿದ್ದರೆ ಏನು ಮಾಡಬೇಕು?

ನಾಚಿಕೆಯಿಂದ ಮುಚ್ಚಿಡಬೇಡಿ. ಆನ್‌ಲೈನ್‌ನಲ್ಲಿ ದುಡ್ಡು ಕಳಿಸಿದ್ದರೆ ತಕ್ಷಣ 1930ಕ್ಕೆ ಕರೆ ಮಾಡಿ. ಮೆಸೇಜ್, ರಸೀದಿ, ಬ್ಯಾಂಕ್ ವಿವರ ಇಟ್ಟುಕೊಂಡು ಹತ್ತಿರದ ಠಾಣೆಯಲ್ಲಿ ದೂರು ಕೊಡಿ. ಏಜೆಂಟರ ವಿಚಾರಕ್ಕೆ ವಿದೇಶಾಂಗ ಸಚಿವಾಲಯದ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ ಉಚಿತ ನಂಬರ್ 1800-11-3090. ಈಗಾಗಲೇ ವಿದೇಶದಲ್ಲಿ ಸಿಕ್ಕಿಹಾಕಿಕೊಂಡವರ ಮನೆಯವರು ‘ಮದದ್’ ಪೋರ್ಟಲ್‌ನಲ್ಲಿ ಇಲ್ಲಿಂದಲೇ ದೂರು ದಾಖಲಿಸಬಹುದು.